ಪುಕ್ಕಲು ಮೊಲವನ್ನು ಹೊರಗೆ ಬಿಡುವುದು ಹೇಗೆ, ಬೆನ್ನಟ್ಟದೆ ಒಳಗೆ ಕರೆತರುವುದು ಹೇಗೆ

"ನಮ್ಮ ಮೊಲ ಮನೆಯೊಳಗೆ ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ಹೊರಗೆ ಹುಲ್ಲಿನ ಮೇಲೆ ಬಿಟ್ಟರೆ ಮಾತ್ರ ಗರ ಬಡಿದ ಹಾಗೆ ಒಂದು ಮೂಲೆಯಲ್ಲಿ ಕೂತುಬಿಡುತ್ತದೆ. ಸರಿ, ಒಳಗೆ ಕರೆದುಕೊಂಡು ಹೋಗೋಣ ಅಂತ ಹತ್ತಿರ ಹೋದರೆ ಕೈಗೇ ಸಿಗುವುದಿಲ್ಲ. ಏನು ಮಾಡೋದು?"

ಮೊಲ ಸಾಕುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಗಮನಿಸಿದರೆ ಇದರಲ್ಲಿ ಎರಡು ಪ್ರಶ್ನೆಗಳಿವೆ. ಹೊರಗೆ ಹೆದರುತ್ತದೆ ಅನ್ನುವುದು ಒಂದು. ವಾಪಸ್ ಬರುವಾಗ ಕೈಗೆ ಸಿಗುವುದಿಲ್ಲ ಅನ್ನುವುದು ಇನ್ನೊಂದು. ಎಲ್ಲರೂ ಮೊದಲನೆಯದರ ಹಿಂದೆ ಬೀಳುತ್ತಾರೆ. ನನ್ನ ಪ್ರಕಾರ ಗಂಟು ಇರುವುದು ಎರಡನೆಯದರಲ್ಲಿ. ದಿನವೂ ಆಟದ ಕೊನೆಗೆ ಯಾರೋ ಅಟ್ಟಿಸಿಕೊಂಡು ಬಂದು, ಮೂಲೆಗೆ ಒತ್ತರಿಸಿ, ಮೇಲಿಂದ ಬಾಚಿ ಎತ್ತಿಕೊಳ್ಳುತ್ತಾರೆ ಅಂತ ಗೊತ್ತಾದ ಮೇಲೆ, ಹುಲ್ಲು ಎಷ್ಟು ಹಸಿರಾಗಿದ್ದರೆ ಏನು ಬಂತು? ಮೊಲ ಕೂತಲ್ಲೇ ಆ ಗಳಿಗೆಗೆ ಕಾಯುತ್ತಿರುತ್ತದೆ.

ಹಾಗಾಗಿ ಈ ಲೇಖನದಲ್ಲಿ ತಯಾರಿ ಕೊನೆಯಿಂದ ಶುರುವಾಗುತ್ತದೆ. ಮೊದಲು ಒಳಗೆ ಬರುವುದನ್ನು ಕಲಿಸುತ್ತೇವೆ, ಆಮೇಲೆ ಹೊರಗೆ ಬಿಡುತ್ತೇವೆ.

ಮೊಲ ಇಷ್ಟೊಂದು ಹೆದರುವುದು ಯಾಕೆ

ನಾಯಿ, ಬೆಕ್ಕು ಬೇಟೆಯಾಡುವ ಜಾತಿ. ಮೊಲ ಬೇಟೆಯಾಗುವ ಜಾತಿ. ನಾಯಿಗೆ ನಡೆಯುವ ಉಪಾಯ ಮೊಲಕ್ಕೆ ನಡೆಯದಿರುವುದು ಇದಕ್ಕೇ.

ಮೊಲದ ಕಣ್ಣುಗಳು ತಲೆಯ ಎರಡೂ ಪಕ್ಕದಲ್ಲಿವೆ. ತಲೆ ತಿರುಗಿಸದೆಯೇ ಹೆಚ್ಚುಕಡಿಮೆ 360 ಡಿಗ್ರಿ ಕಾಣುತ್ತದೆ, ನೆತ್ತಿಯ ಮೇಲಿನ ಆಕಾಶವೂ ಸೇರಿ. ಕಾಣದ ಜಾಗ ಸ್ವಲ್ಪವೇ: ಮೂಗಿನ ತುದಿಯ ನೇರ ಮುಂದೆ, ಗದ್ದದ ಕೆಳಗೆ. ನಾವು ಮೂಸಲಿ ಅಂತ ಪ್ರೀತಿಯಿಂದ ಕೈ ಚಾಚುವುದು ಸರಿಯಾಗಿ ಅದೇ ಜಾಗಕ್ಕೆ! ಕೈ ಕಾಣೆಯಾಗಿ, ಇದ್ದಕ್ಕಿದ್ದಂತೆ ಮೂತಿಗೆ ತಾಗಿದರೆ ಬೆಚ್ಚದೆ ಇನ್ನೇನು ಮಾಡೀತು? ಮೇಲಿಂದ ಬಗ್ಗಿ ಎತ್ತುವುದಂತೂ ಹದ್ದು ಎರಗಿದ ಹಾಗೆ. ಮುಟ್ಟುವುದಾದರೆ ಪಕ್ಕದಿಂದ, ಅದು ನೋಡುತ್ತಿರುವಾಗ ಹೋಗಿ, ಹಣೆಯ ಮೇಲೆ ಸವರಿ.

ಇನ್ನೊಂದು ವಿಷಯವನ್ನು ಹೆದರಿಸಲು ಹೇಳುತ್ತಿಲ್ಲ, ಆದರೆ ಗೊತ್ತಿರಲೇಬೇಕು. ಮೊಲದ ಮೂಳೆಗಳು ತುಂಬ ಹಗುರ. ಬೆಕ್ಕಿನ ಮೈತೂಕದಲ್ಲಿ ಅಸ್ಥಿಪಂಜರದ ಪಾಲು ಶೇಕಡಾ 12-13 ಇದ್ದರೆ ಮೊಲದಲ್ಲಿ 7-8 ಮಾತ್ರ. ಹಿಂಗಾಲಿನ ಸ್ನಾಯುಗಳೋ, ಮೈಗೆ ಮೀರಿದ ಬಲದವು. ಗಾಬರಿಯಲ್ಲಿ ಜೋರಾಗಿ ಒದ್ದರೆ ತನ್ನ ಬೆನ್ನುಮೂಳೆಯನ್ನು ತಾನೇ ಮುರಿದುಕೊಳ್ಳಬಹುದು. ಬಿದ್ದು ಮುರಿಯುವುದು ಬೇರೆ. ಇದು ಗಟ್ಟಿಯಾಗಿ ಹಿಡಿದುಕೊಂಡಿದ್ದಾಗಲೂ ಆಗುವ ಅಪಾಯ. ಬೆನ್ನಟ್ಟಿ ಹಿಡಿಯಬೇಡಿ ಅನ್ನುವುದು ಬರೀ ಮೊಲದ ಮನಸ್ಸಿನ ಮಾತಲ್ಲ.

ಮೊಲದ ಮೈ ಏನು ಹೇಳುತ್ತಿದೆ

ಮೊಲ ಸದ್ದು ಮಾಡುವುದು ಕಡಿಮೆ. ಎಲ್ಲವನ್ನೂ ಮೈಯಲ್ಲೇ ಹೇಳುತ್ತದೆ. ಇದನ್ನು ಓದಲು ಬಂದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ಮೂಗು ನೋಡಿ. ನೆಮ್ಮದಿಯಾಗಿರುವ ಮೊಲದ ಮೂಗು ನಿಧಾನಕ್ಕೆ ಅಲುಗುತ್ತಿರುತ್ತದೆ, ಕೆಲವೊಮ್ಮೆ ನಿಂತೇ ಹೋಗಿರುತ್ತದೆ. ಏನಾದರೂ ಕುತೂಹಲ ಹುಟ್ಟಿದರೆ ವೇಗ ಜಾಸ್ತಿಯಾಗುತ್ತದೆ. ಆದರೆ ಚುರುಕಾಗಿ ಅಲುಗುತ್ತಿದ್ದ ಮೂಗು ತಟ್ಟನೆ ನಿಂತು, ಕಣ್ಣು ಅಗಲವಾಗಿ, ಮೈ ಕಲ್ಲಾದರೆ ಅದಕ್ಕೆ ಏನೋ ಕೇಳಿಸಿದೆ ಎಂದರ್ಥ. ನಿಮಗೆ ಇನ್ನೂ ಕೇಳಿಸಿರುವುದಿಲ್ಲ, ಅಷ್ಟೇ.

ಹೆದರಿದ ಮೊಲ ನೆಲಕ್ಕೆ ಅಂಟಿಕೊಂಡ ಹಾಗೆ ಕೂರುತ್ತದೆ. ಕಿವಿಗಳು ಬೆನ್ನಿಗೆ ಒತ್ತಿರುತ್ತವೆ. ಕಣ್ಣಿನ ಅಂಚಿನ ಬಿಳಿ ಭಾಗ ಕಾಣುತ್ತದೆ. ಇಲ್ಲಿ ತುಂಬ ಜನ ಮೋಸ ಹೋಗುತ್ತಾರೆ. "ಎಷ್ಟು ಶಾಂತವಾಗಿ ಕೂತಿದೆ, ಎತ್ತಿಕೊಂಡರೂ ಸುಮ್ಮನಿದೆ" ಅಂದುಕೊಳ್ಳುತ್ತಾರೆ. ಸುಮ್ಮನಿರುವುದಕ್ಕೂ ನೆಮ್ಮದಿಯಾಗಿರುವುದಕ್ಕೂ ಬಹಳ ವ್ಯತ್ಯಾಸ ಇದೆ. ನೆಮ್ಮದಿಯ ಮೊಲದ ಮೈ ಸಡಿಲವಾಗಿರುತ್ತದೆ. ಹಿಂಗಾಲು ಒಂದು ಪಕ್ಕಕ್ಕೆ ಚಾಚಿರುತ್ತದೆ, ಇಲ್ಲವೇ ಧೊಪ್ಪನೆ ಮಗ್ಗುಲಿಗೆ ಉರುಳಿಕೊಂಡಿರುತ್ತದೆ. ಮೊದಲ ಸಲ ನೋಡಿದವರು ಸತ್ತೇಹೋಯಿತೇನೋ ಅಂತ ಗಾಬರಿಯಾಗುವಷ್ಟು!

ಮೊಲವನ್ನು ಅಂಗಾತ ಮಲಗಿಸಿ "ಸಮಾಧಾನ" ಮಾಡುವ ವಿಡಿಯೋಗಳನ್ನು ನೀವೂ ನೋಡಿರಬಹುದು. ಅಂಗಾತ ಮಲಗಿದ ಮೊಲ ಅಲುಗಾಡದಿರುವುದು ಪ್ರಾಣಭಯಕ್ಕೆ. ಬೇಟೆಯಾಡುವ ಪ್ರಾಣಿಯ ಬಾಯಿಗೆ ಸಿಕ್ಕ ಮೇಲೆ ಸತ್ತಂತೆ ಬಿದ್ದುಕೊಳ್ಳುವ ಕೊನೆಯ ಉಪಾಯ ಅದು. ದಯವಿಟ್ಟು ಮಾಡಬೇಡಿ.

ಹಿಂಗಾಲನ್ನು ನೆಲಕ್ಕೆ ದಡ್ ಅಂತ ಅಪ್ಪಳಿಸಿದರೆ ಅದು ಎಚ್ಚರಿಕೆಯ ಗಂಟೆ. ಓಡುತ್ತ ಓಡುತ್ತ ಗಾಳಿಗೆ ನೆಗೆದು, ನಡುವನ್ನು ಒಂದು ಕಡೆಗೂ ತಲೆಯನ್ನು ಇನ್ನೊಂದು ಕಡೆಗೂ ತಿರುಚಿದರೆ ಅದು ಖುಷಿ. ಮೊಲ ಸಾಕುವವರು ಇದಕ್ಕೆ 'ಬಿಂಕಿ' ಅನ್ನುತ್ತಾರೆ. ಹಲ್ಲನ್ನು ಮೆಲ್ಲಗೆ ಕಟಕಟ ಆಡಿಸಿದರೆ ಹಿತವಾಗಿದೆ ಅಂತ. ಜೋರಾಗಿ, ಕರಕರ ಸದ್ದು ಬರುವ ಹಾಗೆ ಕಡಿದರೆ ಎಲ್ಲೋ ನೋವಿದೆ ಅಂತ.

ಬೇಕಾಗುವ ಸಾಮಾನು

ಮೇಲೂ ಮುಂದೂ ಬಾಗಿಲಿರುವ ಒಂದು ಗಟ್ಟಿ ಕ್ಯಾರಿಯರ್, ಅಂದರೆ ಪ್ರಾಣಿಗಳನ್ನು ಒಯ್ಯುವ ಪೆಟ್ಟಿಗೆ. ಪ್ಲೇಪೆನ್ ಎಂದು ಮಾರುವ, ಮಡಚಿ ಬಿಡಿಸಬಹುದಾದ ತಂತಿಬೇಲಿ, ಅದಕ್ಕೆ ಮುಚ್ಚಿಗೆ. ಎರಡೂ ಕಡೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಗಳು, ಮೊಲಕ್ಕೊಂದರಂತೆ. ಉರುಳದ ಭಾರದ ನೀರಿನ ಬಟ್ಟಲು. ಮೊಲ ದಿನವೂ ಕೂರುವ, ತೊಳೆಯದ ಒಂದು ಚಾಪೆ ಅಥವಾ ಬಟ್ಟೆ. ಮುಚ್ಚಳವಿರುವ ಸಣ್ಣ ಡಬ್ಬಿ, ಅದರೊಳಗೆ ಒಂದು ಹಿಡಿ ಪೆಲೆಟ್, ಅಂದರೆ ಮೊಲಕ್ಕೆಂದು ಮಾರುವ ಗುಳಿಗೆಯಂಥ ಒಣ ತಿಂಡಿ. ಮತ್ತೆ ಒಂದು ದಪ್ಪ ಟವೆಲ್. ಇಷ್ಟು ಸಾಕು.

ಹಂತ 1: ಪೆಟ್ಟಿಗೆಯ ಭಯ ಬಿಡಿಸಿ

ಹೆಚ್ಚಿನ ಮನೆಗಳಲ್ಲಿ ಈ ಕ್ಯಾರಿಯರ್ ಪೆಟ್ಟಿಗೆ ಅಟ್ಟದಿಂದ ಇಳಿಯುವುದು ಡಾಕ್ಟರ ಹತ್ತಿರ ಹೋಗುವ ದಿನ ಮಾತ್ರ. ಅದನ್ನು ಕಂಡರೆ ಮೊಲ ಕಾಲಿಗೆ ಬುದ್ಧಿ ಹೇಳುವುದರಲ್ಲಿ ಆಶ್ಚರ್ಯ ಏನಿದೆ?

ಪೆಟ್ಟಿಗೆಯನ್ನು ಮೊಲ ಇರುವ ಕೋಣೆಯಲ್ಲೇ ಇಡಿ. ಬಾಗಿಲು ತೆಗೆದಿಟ್ಟು, ಒಳಗೆ ಆ ತೊಳೆಯದ ಚಾಪೆ ಹಾಸಿ, ಹಿಂದಿನ ಗೋಡೆಯ ಹತ್ತಿರ ಒಣಹುಲ್ಲು ಇಡಿ. ಮೊದಲೆರಡು ದಿನ ಕತ್ತು ಮಾತ್ರ ಒಳಗೆ ಹಾಕಿ, ಹುಲ್ಲಿನ ಎಳೆ ಎಳೆದುಕೊಂಡು ಓಡಬಹುದು. ಓಡಲಿ. ಒಂದು ದಿನ ಹೋಗುತ್ತ ಪೆಟ್ಟಿಗೆಯ ಅಂಚಿಗೆ ಗದ್ದ ಉಜ್ಜುವುದನ್ನು ನೋಡುತ್ತೀರಿ. ಗದ್ದದ ಕೆಳಗೆ ವಾಸನೆಯ ಗ್ರಂಥಿಗಳಿವೆ. ನಮಗೆ ಆ ವಾಸನೆ ಗೊತ್ತಾಗುವುದಿಲ್ಲ, ಆದರೆ "ಇದು ನನ್ನದು" ಅಂತ ಅದು ಹಾಕುವ ಸಹಿ ಅದು. ಸಹಿ ಬಿತ್ತು ಎಂದರೆ ಪೆಟ್ಟಿಗೆ ಅದರ ಆಸ್ತಿಯಾಯಿತು.

ಒಳಗೆ ಕೂತು ಮೆಲ್ಲುವುದು ರೂಢಿಯಾದ ಮೇಲೆ ಬಾಗಿಲನ್ನು ಒಂದು ಗಳಿಗೆ ಮುಚ್ಚಿ ತೆಗೆಯಿರಿ. ಆಮೇಲೆ ಒಂದು ನಿಮಿಷ. ಆಮೇಲೆ ಎತ್ತಿ ಅಲ್ಲೇ ಇಳಿಸಿ. ಆಮೇಲೆ ಕೋಣೆಯೊಳಗೇ ನಾಲ್ಕು ಹೆಜ್ಜೆ ನಡೆಯಿರಿ. ಒಂದೆರಡು ವಾರ ಹಿಡಿಯಬಹುದು, ಕೆಲವಕ್ಕೆ ಇನ್ನೂ ಜಾಸ್ತಿ. ಮೊಲ ಮನೆಗೆ ಬಂದು ಕೆಲವೇ ದಿನ ಆಗಿದ್ದರೆ ಹೊರಗಿನ ಮಾತೇ ಬೇಡ. ಮೊದಲು ಮನೆಗೆ ಹೊಂದಿಕೊಳ್ಳಲಿ.

ಹಂತ 2: ಕರೆಯುವ ಸದ್ದು ಕಲಿಸಿ

ಈ ಲೇಖನದಲ್ಲಿ ಒಂದೇ ಒಂದು ಹಂತ ಮಾಡುತ್ತೇನೆ ಅನ್ನುವವರು ಇದನ್ನು ಮಾಡಿ.

ಪೆಲೆಟ್ ಕೊಡುವ ಮುಂಚೆ ಪ್ರತಿಸಲವೂ ಡಬ್ಬಿಯನ್ನು ಗಲಗಲ ಅಲ್ಲಾಡಿಸಿ. ಅಲ್ಲಾಡಿಸಿದ ಮೇಲೆ ಕೊಡಲೇಬೇಕು, ಒಂದೇ ಒಂದು ಪೆಲೆಟ್ ಆದರೂ ಸರಿ. ಕೆಲವು ದಿನಕ್ಕೆ ಸದ್ದು ಕೇಳಿದ ಕೂಡಲೇ ಕಾಲಿಗೆ ತೊಡರುವಷ್ಟು ವೇಗವಾಗಿ ಬರುತ್ತದೆ. ಆಗ ಜಾಗ ಬದಲಾಯಿಸಿ. ಪೆಟ್ಟಿಗೆಯ ಪಕ್ಕ ನಿಂತು ಅಲ್ಲಾಡಿಸಿ, ಪೆಲೆಟ್ಟನ್ನು ಪೆಟ್ಟಿಗೆಯೊಳಗೆ ಹಾಕಿ. ಸದ್ದು ಕೇಳಿದರೆ ಪೆಟ್ಟಿಗೆಗೆ ಓಡಬೇಕು, ಅಷ್ಟು ಅದರ ತಲೆಯಲ್ಲಿ ಕೂತರೆ ಸಾಕು.

ಎರಡು ಎಚ್ಚರಿಕೆ. ಡಬ್ಬಿ ಅಲ್ಲಾಡಿಸಿ ಕರೆದು, ಹತ್ತಿರ ಬಂದ ಮೊಲವನ್ನು ಹಿಡಿದು ಉಗುರು ಕತ್ತರಿಸಬೇಡಿ, ಔಷಧ ಕುಡಿಸಬೇಡಿ. ಒಂದು ಸಲ ಮೋಸ ಮಾಡಿದರೆ ಸದ್ದಿನ ಬೆಲೆ ಹೋಯಿತು. ಇನ್ನೊಂದು, ತಿಂಡಿಯ ಆಸೆ ತೋರಿಸಲು ಹೋಗಿ ಕ್ಯಾರೆಟ್, ಬಾಳೆಹಣ್ಣು ಸುರಿಯಬೇಡಿ. ಎರಡರಲ್ಲೂ ಸಕ್ಕರೆ ಜಾಸ್ತಿ. ಮೊಲದ ಹೊಟ್ಟೆ ನಡೆಯುವುದು ಹುಲ್ಲಿನ ನಾರಿನ ಮೇಲೆ. ದಿನದ ಪಾಲಿನ ಪೆಲೆಟ್‌ನಲ್ಲೇ ಸ್ವಲ್ಪ ಎತ್ತಿಟ್ಟುಕೊಳ್ಳಿ, ಇಲ್ಲವೇ ಒಂದೆರಡು ಸೊಪ್ಪಿನ ಎಲೆ ಬಳಸಿ.

ಹಂತ 3: ಆವರಣ ಹಾಕಿ

ಬೇಲಿಯ ಎತ್ತರ ಕಡಿಮೆ ಅಂದರೂ 90 ಸೆಂಟಿಮೀಟರ್ ಇರಲಿ. ಸಾಮಾನ್ಯವಾಗಿ ನೆಗೆಯದ ಮೊಲವೂ ಗಾಬರಿಯಲ್ಲಿ ನೆಗೆಯುತ್ತದೆ, ಅದಕ್ಕೇ ಮೇಲೆ ಬಲೆ ಅಥವಾ ಜಾಲರಿ ಬೇಕು. ಮುಚ್ಚಿಗೆ ಇದ್ದರೆ ಹದ್ದು, ಕಾಗೆ, ಬೆಕ್ಕಿನಿಂದಲೂ ಕಾವಲು. ಸಂದುಗಳಲ್ಲಿ ತಲೆ ತೂರುವ ಹಾಗಿರಬಾರದು. ಪ್ಲಾಸ್ಟಿಕ್ ಬಲೆಯನ್ನು ಕಡಿದು ಹಾಕುತ್ತದೆ, ತಂತಿಯದೇ ಇರಲಿ.

ಮಣ್ಣಿನ ಮೇಲೆ ಬೇಲಿ ಹಾಕುವುದಾದರೆ ಅಗೆದು ಹೊರಗೆ ಹೋಗುವ ದಾರಿಯನ್ನೂ ಯೋಚಿಸಿ. ಬೇಲಿಯ ಬುಡಕ್ಕೆ 30-45 ಸೆಂಟಿಮೀಟರ್ ಅಗಲದ ತಂತಿಜಾಲರಿಯನ್ನು ನೆಲಕ್ಕೆ ಹಾಸಿ, ಕಲ್ಲಿಟ್ಟು ಅಥವಾ ಗೂಟ ಹೊಡೆದು ಬಿಗಿ ಮಾಡಿ. ಮೊಲ ಬೇಲಿಯ ಬುಡದಲ್ಲೇ ಕೆರೆಯಲು ಶುರುಮಾಡುತ್ತದೆ. ಅಲ್ಲಿ ಜಾಲರಿ ಸಿಕ್ಕರೆ ಬೇಸತ್ತು ಬಿಡುತ್ತದೆ.

ಮುಖ್ಯವಾದ ಮಾತು ಅಡಗುವ ಜಾಗದ್ದು. "ಅಡಗುವುದಕ್ಕೆ ಪೆಟ್ಟಿಗೆ ಇಟ್ಟರೆ ಅಲ್ಲೇ ಕೂತಿರುತ್ತದೆ, ಹೊರಗೆ ಬರುವುದೇ ಇಲ್ಲ" ಅಂತ ಅದನ್ನು ತೆಗೆದುಬಿಡುವವರು ಇದ್ದಾರೆ. ಇದು ಉಲ್ಟಾ ಲೆಕ್ಕ. ಓಡಿಹೋಗಿ ಸೇರಿಕೊಳ್ಳಲು ಒಂದು ಜಾಗ ಇದೆ ಅನ್ನುವ ಧೈರ್ಯದ ಮೇಲೆಯೇ ಮೊಲ ಬಯಲಿಗೆ ಕಾಲಿಡುವುದು. ರಟ್ಟಿನ ಪೆಟ್ಟಿಗೆಗೆ ಎರಡು ಬಾಗಿಲು ಯಾಕೆ ಅಂದರೆ, ಒಂದೇ ಬಾಗಿಲಿದ್ದರೆ ಅದು ಬಿಲ ಆಗುವುದಿಲ್ಲ, ಬೋನಾಗುತ್ತದೆ. ಬೇಲಿಯ ಒಂದು ಪಕ್ಕಕ್ಕೆ ದಪ್ಪ ಬಟ್ಟೆ ಇಳಿಬಿಟ್ಟರೂ ಒಳ್ಳೆಯದು. ನಾಲ್ಕೂ ಕಡೆ ಬಯಲಾದರೆ ಮೊಲ ಎಲ್ಲಿಗೆ ಅಂತ ಕಣ್ಣಿಡಬೇಕು?

ಒಳಗಿರುವ ಗಿಡಗಳನ್ನು ಒಂದೊಂದಾಗಿ ನೋಡಿ. ಕಣಗಿಲೆ, ದತ್ತೂರಿ, ಲಿಲ್ಲಿ ಜಾತಿಯವು ವಿಷ. ಕೀಟನಾಶಕ, ಕಳೆನಾಶಕ ಹೊಡೆದ ಹುಲ್ಲಿನ ಮೇಲೆ ಬಿಡಲೇಬೇಡಿ. ಮೆಷಿನ್ನಿನಲ್ಲಿ ಕತ್ತರಿಸಿ ಬಿದ್ದ ಹುಲ್ಲು ಬೇಗ ಹುಳಿಬರುತ್ತದೆ, ಅದನ್ನೂ ಗುಡಿಸಿ. ಇಷ್ಟು ದಿನ ಒಣಹುಲ್ಲೇ ತಿಂದಿದ್ದ ಮೊಲಕ್ಕೆ ಹಸಿಹುಲ್ಲು ಒಮ್ಮೆಲೇ ಹೆಚ್ಚಾದರೆ ಹೊಟ್ಟೆ ಕೆಡುತ್ತದೆ. ಮೊದಲ ದಿನಗಳಲ್ಲಿ ಆಟದ ಹೊತ್ತು ಕಡಿಮೆ ಇಡುವುದಕ್ಕೆ ಇದೂ ಒಂದು ಕಾರಣ.

ಬೇಲಿಯ ಜಾಗವನ್ನು ದಿನಕ್ಕೊಂದು ಕಡೆ ಬದಲಾಯಿಸಬೇಡಿ. ಪುಕ್ಕಲು ಮೊಲಕ್ಕೆ ಹೊಸತು ಅನ್ನುವುದೇ ಭಯ.

ಹಂತ 4: ಹೊತ್ತು ನೋಡಿ

ಮೊಲ ಸಹಜವಾಗಿ ಚುರುಕಾಗುವುದು ಬೆಳಗಿನ ಜಾವ ಮತ್ತು ಸಂಜೆ. ನಡು ಹಗಲಿನಲ್ಲಿ ತೂಕಡಿಸುತ್ತದೆ. ನೀವು ಹೊರಗೆ ಬಿಡುವುದೂ ಆ ತಂಪು ಹೊತ್ತಿನಲ್ಲೇ ಇರಲಿ.

ಮೊಲಕ್ಕೆ ನಮ್ಮ ಹಾಗೆ ಬೆವರಿ ತಣ್ಣಗಾಗಲು ಬರುವುದಿಲ್ಲ. ಮೈಯ ಬಿಸಿಯನ್ನು ಹೆಚ್ಚಾಗಿ ಕಿವಿಗಳ ಮೂಲಕ ಬಿಡುತ್ತದೆ. ಉಷ್ಣಾಂಶ 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ಎಚ್ಚರ, 28-30 ಡಿಗ್ರಿಯಾದರೆ ಬೇಡವೇ ಬೇಡ. ಹೆದರಿ ಓಡಾಡಿದ ಮೊಲಕ್ಕೆ ಬಿಸಿ ಇನ್ನೂ ಬೇಗ ತಟ್ಟುತ್ತದೆ. ಕಿವಿ ಕೆಂಪಾಗಿ ಸುಡುತ್ತಿದ್ದರೆ, ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ಜೊಲ್ಲು ಸುರಿದು ಗದ್ದ ಒದ್ದೆಯಾಗಿದ್ದರೆ, ಮೈ ಸೋತು ಬಿದ್ದಿದ್ದರೆ ಅದು ಬಿಸಿಲಾಘಾತ. ತಕ್ಷಣ ನೆರಳಿಗೆ ತನ್ನಿ. ತಣ್ಣೀರಿನ ಬಟ್ಟೆಯಿಂದ ಕಿವಿಗಳನ್ನು ಒದ್ದೆ ಮಾಡುತ್ತ ಪಶುವೈದ್ಯರ ಹತ್ತಿರ ಹೊರಡಿ. ಐಸ್ ನೀರಲ್ಲಿ ಮುಳುಗಿಸುವುದು, ಬಾಯಿಗೆ ನೀರು ಹಿಂಡುವುದು ಎರಡೂ ತಪ್ಪು.

ಗುಡುಗು, ಪಟಾಕಿ, ಪಕ್ಕದಲ್ಲಿ ಹುಲ್ಲು ಕತ್ತರಿಸುವ ಮೆಷಿನ್ನಿನ ಸದ್ದು ಇರುವ ದಿನ ಬಿಟ್ಟುಬಿಡಿ. ಒಂದು ದಿನ ಆಟ ತಪ್ಪಿದರೆ ಏನೂ ಆಗುವುದಿಲ್ಲ.

ಹಂತ 5: ಪೆಟ್ಟಿಗೆ ಇಡಿ, ಬಾಗಿಲು ತೆಗೆಯಿರಿ, ಸುಮ್ನೆ ಕೂರಿ

ಮೊಲವನ್ನು ಎದೆಗೆ ಅವಚಿಕೊಂಡು ಹೊರಗೆ ತರಬೇಡಿ. ಡಬ್ಬಿ ಸದ್ದಿಗೆ ಅದು ತಾನಾಗಿ ಪೆಟ್ಟಿಗೆಗೆ ಬರಲಿ, ಪೆಟ್ಟಿಗೆಯ ಮೇಲೆ ತೆಳುಬಟ್ಟೆ ಹೊದಿಸಿ, ಅಡಿಗೆ ಕೈಕೊಟ್ಟು ಅಲುಗದಂತೆ ತನ್ನಿ. ಆವರಣದೊಳಗೆ ಇಡಿ. ಬಾಗಿಲು, ಅಡಗುವ ರಟ್ಟಿನ ಪೆಟ್ಟಿಗೆಯ ಕಡೆ ಮುಖ ಮಾಡಿರಲಿ. ಬಾಗಿಲು ತೆಗೆದು ನೀವು ಒಂದು ಪಕ್ಕಕ್ಕೆ ನೆಲದ ಮೇಲೆ ಕೂತುಬಿಡಿ.

ಕಷ್ಟದ ಭಾಗ ಈಗ ಶುರು. ಏನೂ ಮಾಡಬಾರದು. ಒಳಗೆ ಕೈ ಹಾಕಬಾರದು, ಪೆಟ್ಟಿಗೆ ಓರೆ ಮಾಡಿ ಜಾರಿಸಬಾರದು, "ಬಾ ಬಾ" ಅಂತ ಕರೆಯುತ್ತಲೂ ಇರಬಾರದು. ಮೊಬೈಲ್ ನೋಡುತ್ತ ಕೂರಿ ಬೇಕಾದರೆ. ನೆಟ್ಟ ದೃಷ್ಟಿಯಿಂದ ನೋಡುವುದು ಬೇಟೆಗಾರರ ಅಭ್ಯಾಸ.

ಮೊದಲು ಮೂಗು ಕಾಣಿಸುತ್ತದೆ. ಆಮೇಲೆ ಮುಂಗಾಲು ಎರಡೂ ಹುಲ್ಲಿನ ಮೇಲೆ ಬರುತ್ತವೆ, ಹಿಂಗಾಲು ಪೆಟ್ಟಿಗೆಯೊಳಗೇ ಉಳಿದಿರುತ್ತದೆ. ಮೈ ರಬ್ಬರಿನ ಹಾಗೆ ಉದ್ದ ಆಗುತ್ತ ಹೋಗುತ್ತದೆ. ಕಿವಿ ಮುಂದೆ, ಮೂಗು ಮುಂದೆ, ಹಿಂಗಾಲು ಮಾತ್ರ "ಏನಾದರೂ ಆದರೆ ನಾನು ಇಲ್ಲೇ ಇದ್ದೇನೆ" ಅನ್ನುವಂತೆ ಒಳಗೆ ಊರಿಕೊಂಡಿರುತ್ತದೆ. ಈ ಹೊತ್ತಿನಲ್ಲಿ ನೀವು ಕೆಮ್ಮಿದರೂ ಸಾಕು, ಸ್ಪ್ರಿಂಗ್ ಬಿಟ್ಟ ಹಾಗೆ ಇಡೀ ಮೈ ಒಳಗೆ ಸೇರಿಕೊಳ್ಳುತ್ತದೆ. ಪರವಾಗಿಲ್ಲ. ಒಳಗೆ ಓಡಿ ಸೇರಿಕೊಳ್ಳಬಹುದು ಅಂತ ಅದು ಪರೀಕ್ಷೆ ಮಾಡಿ ನೋಡಿದ ಹಾಗಾಯಿತು. ಹಿಂಗಾಲು ಎತ್ತಿ ಹೊರಗಿಟ್ಟ ಗಳಿಗೆ ದೊಡ್ಡದು. ಅದು ಮೊದಲ ದಿನವೇ ಆಗಬೇಕೆಂದಿಲ್ಲ.

ಮೊದಲ ದಿನ 10 ನಿಮಿಷ ಸಾಕು. ಹೊರಗೆ ಬರದಿದ್ದರೂ ಬಾಗಿಲು ಮುಚ್ಚಿ ವಾಪಸ್ ಒಯ್ಯಿರಿ. ದಿನವೂ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಚೆನ್ನಾಗಿ ಹೊಂದಿಕೊಂಡ ಮೇಲೆ ಗಂಟೆಗಟ್ಟಲೆ ಬಿಡಬಹುದು, ಆದರೆ ಯಾರಾದರೂ ಕಣ್ಣಳತೆಯಲ್ಲಿ ಇರಲೇಬೇಕು. "ಬೇಲಿ ಇದೆಯಲ್ಲ" ಅಂತ ಬಿಟ್ಟು ಹೋಗಬೇಡಿ. ಬೇಲಿಯ ಹೊರಗೆ ನಾಯಿಯೊಂದು ನಿಂತು ಬೊಗಳಿದರೂ ಸಾಕು, ಬರೀ ಹೆದರಿಕೆಗೇ ಮೊಲ ಸತ್ತುಹೋಗಬಹುದು. ನೀವೇ ನಾಯಿಯನ್ನೋ ಬೆಕ್ಕನ್ನೋ ಮುದ್ದಾಡಿ ಬಂದಿದ್ದರೆ ಕೈ ತೊಳೆದು, ಬಟ್ಟೆ ಬದಲಾಯಿಸಿ. ಆ ವಾಸನೆ ಹೊತ್ತು ಪಕ್ಕದಲ್ಲಿ ಕೂತರೆ ಇಷ್ಟು ದಿನದ ಕೆಲಸ ನೀರಲ್ಲಿ ಹೋಮ.

ಹಂತ 6: ಬೆಚ್ಚಿಬಿದ್ದರೆ

ಕಾಲು ಅಪ್ಪಳಿಸಿತು, ಓಡಿಹೋಗಿ ರಟ್ಟಿನ ಪೆಟ್ಟಿಗೆ ಸೇರಿತು. ನಮಗೆ ತಕ್ಷಣ ಅನಿಸುವುದು ಎತ್ತಿಕೊಂಡು ಸಮಾಧಾನ ಮಾಡೋಣ ಅಂತ. ಮನುಷ್ಯರ ಮಗುವಿಗೆ ಸರಿ. ಮೊಲಕ್ಕೆ ಒಂದರ ಮೇಲೊಂದು ಭಯ, ಅಷ್ಟೇ. ಎದ್ದು ನಿಲ್ಲಬೇಡಿ. ಸುತ್ತ ಏನಿದೆ ಅಂತ ಕಣ್ಣಲ್ಲೇ ನೋಡಿ. ನಿಜವಾಗಿಯೂ ಬೆಕ್ಕು ಇರಬಹುದು, ಮೇಲೆ ಹದ್ದು ಸುತ್ತುತ್ತಿರಬಹುದು. ಇದ್ದರೆ ಓಡಿಸಿ. ಇಲ್ಲದಿದ್ದರೆ ಮೆಲುದನಿಯಲ್ಲಿ ಏನಾದರೂ ಮಾತಾಡುತ್ತ ಕೂರಿ. ಅಡಗಿದ ಮೊಲವನ್ನು ಎಳೆದು ತೆಗೆಯಬೇಡಿ. ಮತ್ತೆ ಮೂಗು ಅಲುಗಲು, ಮುಖ ತೊಳೆದುಕೊಳ್ಳಲು, ಹುಲ್ಲು ಕಚ್ಚಲು ಶುರುಮಾಡಿದರೆ ಭಯ ಇಳಿದಿದೆ ಎಂದರ್ಥ. ಕಾಲು ಗಂಟೆಯಾದರೂ ಮೈ ಬಿಗಿ ಹಿಡಿದೇ ಇದ್ದರೆ ಇವತ್ತಿಗೆ ಸಾಕು.

ಹಂತ 7: ಒಳಗೆ ಕರೆತನ್ನಿ

ಇಷ್ಟೆಲ್ಲ ತಯಾರಿ ಮಾಡಿದ್ದು ಇದಕ್ಕೆ. ಪೆಟ್ಟಿಗೆಯ ಪಕ್ಕ ಕೂತು ಡಬ್ಬಿ ಅಲ್ಲಾಡಿಸಿ. ಮೊಲ ಒಳಗೆ ಹೋಗಿ ಪೆಲೆಟ್ ತಿನ್ನುತ್ತಿರುವಾಗ ಬಾಗಿಲನ್ನು ನಿಧಾನವಾಗಿ ಮುಚ್ಚಿ. ಮುಗಿಯಿತು!

ಒಂದು ಗುಟ್ಟು: ದಿನವೂ ಡಬ್ಬಿ ಸದ್ದಿಗೆ ಆಟ ಮುಗಿಯಿತು ಅಂತಾದರೆ ಮೊಲಕ್ಕೆ ಆ ಲೆಕ್ಕವೂ ಬೇಗ ಗೊತ್ತಾಗುತ್ತದೆ. ಹಾಗಾಗಿ ಆಟದ ಮಧ್ಯೆ ಎರಡು ಮೂರು ಸಲ ಸುಮ್ನೆ ಕರೆದು, ಪೆಟ್ಟಿಗೆಯಲ್ಲಿ ತಿನ್ನಿಸಿ, ಮತ್ತೆ ಹೊರಗೆ ಹೋಗಲು ಬಿಡಿ. ಹಸಿವು ಸ್ವಲ್ಪ ಇರುವ ಹೊತ್ತು, ಅಂದರೆ ಸಂಜೆಯ ಪೆಲೆಟ್ ಕೊಡುವ ಮುಂಚಿನ ಹೊತ್ತು ಆಟಕ್ಕೆ ಒಳ್ಳೆಯದು. ನಿಮಗೆ ಹೊರಗೆ ಹೋಗುವ ತುರ್ತು ಇರುವ ದಿನ ಮೊಲವನ್ನು ಬಿಡಲೇಬೇಡಿ. ಅವಸರದ ದಿನವೇ ಅದು ಬರುವುದಿಲ್ಲ.

ಬರಲೇ ಇಲ್ಲ ಅಂದರೆ? ನಮ್ಮ ಮೊದಲ ಮೊಲವನ್ನು ನಾನು ಒಂದು ಸಂಜೆ ಅರ್ಧ ಗಂಟೆ ಅಟ್ಟಾಡಿಸಿ ಹಿಡಿದಿದ್ದೆ. ಗೆದ್ದೆ ಅಂದುಕೊಂಡೆ. ಮುಂದಿನ ಒಂದು ವಾರ ಅದು ನನ್ನ ಹೆಜ್ಜೆ ಸದ್ದಿಗೇ ಮಂಚದ ಕೆಳಗೆ ಸೇರುತ್ತಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹಟ ಮೊಲ ಸಾಕುವವರಿಗೆ ಆಗಿಬರುವುದಿಲ್ಲ. ಅದರ ಬದಲು ಆವರಣವನ್ನೇ ಚಿಕ್ಕದು ಮಾಡಿ. ಬೇಲಿಯ ಪಟ್ಟಿಗಳನ್ನು ಒಂದೊಂದಾಗಿ ಮೆಲ್ಲಗೆ ಒಳಕ್ಕೆ ತಳ್ಳುತ್ತ ಬನ್ನಿ. ಕೊನೆಗೆ ಉಳಿಯುವ ದಾರಿ ಪೆಟ್ಟಿಗೆಯ ಬಾಗಿಲು ಒಂದೇ ಆಗಿರಲಿ. ಮೊಲ ರಟ್ಟಿನ ಪೆಟ್ಟಿಗೆಯೊಳಗೆ ಕೂತಿದ್ದರೆ ಇನ್ನೂ ಸುಲಭ. ಎರಡೂ ತೂತಿಗೆ ರಟ್ಟು ಅಡ್ಡಹಿಡಿದು, ಅಡಿಗೆ ಒಂದು ಹಲಗೆ ಜಾರಿಸಿ, ಪೆಟ್ಟಿಗೆ ಸಮೇತ ಒಳಗೆ ಒಯ್ಯಿರಿ.

ಹಂತ 8: ಎತ್ತಲೇಬೇಕಾಗಿ ಬಂದರೆ

ಮಳೆ ಬಂತು, ನಾಯಿ ಬಂತು, ಎತ್ತದೆ ಗತಿಯಿಲ್ಲ. ಆಗ:

1. ನೀವು ಮಂಡಿಯೂರಿ ಕೂರಿ. ನಿಂತು ಬಗ್ಗಿ ಎತ್ತಬೇಡಿ. ಕೈಜಾರಿದರೂ ಬೀಳುವ ಎತ್ತರ ಕಡಿಮೆ ಇರಬೇಕು.
2. ಒಂದು ಕೈ ಎದೆಯ ಕೆಳಗೆ, ಮುಂಗಾಲುಗಳ ಹಿಂದೆ. ಇನ್ನೊಂದು ಕೈ ಪೃಷ್ಠದ ಅಡಿಗೆ, ಹಿಂಗಾಲುಗಳನ್ನು ಒಳಕ್ಕೆ ಮಡಚಿ ಹಿಡಿದಂತೆ. ಎರಡೂ ಒಟ್ಟಿಗೆ ಏಳಬೇಕು. ಹಿಂಭಾಗ ಜೋತಾಡಲೇಬಾರದು.
3. ತಕ್ಷಣ ನಿಮ್ಮ ಮೈಗೆ ಒತ್ತಿಕೊಳ್ಳಿ, ನಾಲ್ಕೂ ಪಾದಗಳಿಗೆ ಆಧಾರ ಸಿಗಲಿ. ಮುಖವನ್ನು ಮೊಣಕೈ ಸಂದಿಗೆ ಸೇರಿಸಿದರೆ ಕತ್ತಲಾಗಿ ಸ್ವಲ್ಪ ಶಾಂತವಾಗುತ್ತದೆ. ತುಂಬ ಒದೆಯುವ ಮೊಲವಾದರೆ ಟವೆಲ್ಲಿನಲ್ಲಿ ಸುತ್ತಿ, ಮೂಗು ಮಾತ್ರ ಹೊರಗಿರಲಿ.
4. ಪೆಟ್ಟಿಗೆಗೆ ಬಿಡುವಾಗ ಹಿಂಭಾಗವನ್ನು ಮೊದಲು ಒಳಗೆ ಇಳಿಸಿ. ಮುಖ ಮುಂದಾಗಿ ಬಿಟ್ಟರೆ ನೆಲ ಕಂಡ ಕೂಡಲೇ ಕೈಯಿಂದ ನೆಗೆಯುತ್ತದೆ. ಪೆಟ್ಟಾಗುವುದು ಸಾಮಾನ್ಯವಾಗಿ ಆಗಲೇ.

ಕಿವಿ ಹಿಡಿದು ಎತ್ತುವುದು ಎಷ್ಟು ಹಳೆಯ ಚಿತ್ರದಲ್ಲಿದ್ದರೂ ಕ್ರೌರ್ಯವೇ. ಕತ್ತಿನ ಹಿಂದಿನ ಚರ್ಮ ಹಿಡಿದು ಎತ್ತುವುದೂ ಬೇಡ. ಮಕ್ಕಳು ಎತ್ತುವುದು ಬೇಡವೇ ಬೇಡ. ಅವರು ಕಾಲು ಚಾಚಿ ನೆಲದ ಮೇಲೆ ಕೂರಲಿ, ಮೊಲ ಬಂದು ತೊಡೆ ಹತ್ತಿದರೆ ಹತ್ತಲಿ.

ಹಂತ 9: ಒಳಗೆ ಬಂದ ಮೇಲೆ

ಎರಡು ನಿಮಿಷದ ಕೆಲಸ ಇದು. ಬಾಲದ ಕೆಳಗೆ ಒದ್ದೆಯೋ ಗಲೀಜೋ ಇದೆಯಾ ನೋಡಿ. ಇದ್ದರೆ ನೊಣ ಮೊಟ್ಟೆಯಿಡುತ್ತದೆ. ಒಂದು ದಿನದೊಳಗೆ ಹುಳುವಾಗಿ ಮೈಯನ್ನೇ ತಿನ್ನಲು ಶುರುಮಾಡಬಹುದು. ಹುಳು ಕಂಡರೆ ಕಾಯದೆ ಡಾಕ್ಟರ ಹತ್ತಿರ ಓಡಿ. ಕಿವಿಯ ಬುಡ, ಕತ್ತಿನ ಸುತ್ತ ಉಣ್ಣೆ ಹತ್ತಿದೆಯಾ ಸವರಿ ನೋಡಿ. ಪಾದದ ಅಡಿ ನೋಡಿ.

ಆಮೇಲೆ ಹಿಕ್ಕೆ. ಹೆದರಿದ ಮೊಲದ ಕರುಳು ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇಹೋಗುತ್ತದೆ. ಹೊರಗೆ ದೊಡ್ಡ ಗಾಬರಿಯಾದ ದಿನ ರಾತ್ರಿ ಹುಲ್ಲು ತಿಂದಿದೆಯಾ, ಹಿಕ್ಕೆ ಎಂದಿನ ಗಾತ್ರದಲ್ಲಿ ಬಿದ್ದಿದೆಯಾ ಲೆಕ್ಕ ಇಡಿ. 12 ಗಂಟೆ ತಿನ್ನಲಿಲ್ಲ, ಹಿಕ್ಕೆ ಹಾಕಲಿಲ್ಲ ಅಂದರೆ ತುರ್ತು ಚಿಕಿತ್ಸೆ ಬೇಕು. ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಹಾರ್ನೆಸ್ ಹಾಕಬಹುದಾ?

ಹಾರ್ನೆಸ್ ಅಂದರೆ ಎದೆ, ಹೊಟ್ಟೆ ಸುತ್ತ ಹಾಕುವ ಪಟ್ಟಿ, ಅದಕ್ಕೊಂದು ಹಗ್ಗ. ಧೈರ್ಯದ ಮೊಲಕ್ಕೆ, ಮನೆಯೊಳಗೆ ವಾರಗಟ್ಟಲೆ ಅಭ್ಯಾಸ ಮಾಡಿಸಿ ಹಾಕುವವರಿದ್ದಾರೆ. ಪುಕ್ಕಲು ಮೊಲಕ್ಕೆ ನಾನಂತೂ ಬೇಡ ಅನ್ನುತ್ತೇನೆ. ಬೆಚ್ಚಿ ಎದ್ದೆನೋ ಬಿದ್ದೆನೋ ಅಂತ ಓಡಿದ ಮೊಲ ಹಗ್ಗದ ತುದಿಗೆ ಬಂದು ಜಗ್ಗಿ ನಿಂತಾಗ ಆ ಪೆಟ್ಟೆಲ್ಲ ಬೆನ್ನುಮೂಳೆಗೆ. ಕೊರಳಪಟ್ಟಿಯಂತೂ ಯಾವ ಮೊಲಕ್ಕೂ ಬೇಡ.

ಜೊತೆಗೊಂದು ಮೊಲ ಇದ್ದರೆ?

ಒಳ್ಳೆಯದು, ಆದರೆ ಈಗಾಗಲೇ ಒಟ್ಟಿಗೆ ಬದುಕುತ್ತಿರುವ ಜೋಡಿಯಾದರೆ ಮಾತ್ರ. ಜೊತೆಯದು ನೆಮ್ಮದಿಯಾಗಿ ಮೇಯುವುದನ್ನು ಕಂಡು ಪುಕ್ಕಲಿನದಕ್ಕೂ ಧೈರ್ಯ ಬರುತ್ತದೆ. ಗುರುತಿಲ್ಲದ ಎರಡು ಮೊಲಗಳನ್ನು ಒಂದೇ ಬೇಲಿಗೆ ಬಿಟ್ಟರೆ ರಕ್ತ ಬರುವ ಹಾಗೆ ಕಚ್ಚಾಡುತ್ತವೆ. ಸಂತಾನಹರಣ ಮಾಡಿಸದ ಗಂಡು ಹೆಣ್ಣಾದರೆ, ಸುಮಾರು ಒಂದು ತಿಂಗಳಿಗೆ ಮರಿಗಳು. ಹೊರಗೆ ಬಿಡುವ ಮೊಲಕ್ಕೆ ಲಸಿಕೆ ಬೇಕಾ ಅನ್ನುವುದನ್ನೂ ನಿಮ್ಮ ಡಾಕ್ಟರನ್ನು ಮೊದಲೇ ಕೇಳಿ. ಮೊಲಗಳಿಗೆ ಬರುವ ಕೆಲವು ಮಾರಕ ವೈರಸ್ ರೋಗಗಳು ಸೊಳ್ಳೆ, ಚಿಗಟ, ನೊಣಗಳಿಂದಲೂ ಹರಡುತ್ತವೆ.

ಬೇಲಿ ದಾಟಿ ತಪ್ಪಿಸಿಕೊಂಡರೆ?

ಕೂಗಬೇಡಿ, ಓಡಬೇಡಿ. ಎಲ್ಲರೂ ನಿಂತಲ್ಲೇ ಕೂರಲಿ. ಮೊದಲು ಗೇಟು, ರಸ್ತೆಯ ಕಡೆಯ ದಾರಿ ಮುಚ್ಚಿ. ಮೊಲ ಬಯಲಿಗೆ ಓಡುವುದಕ್ಕಿಂತ ಹತ್ತಿರದ ಪೊದೆ, ಸಂದಿ ಸೇರುವುದೇ ಹೆಚ್ಚು. ಅಲ್ಲೇ ಸ್ವಲ್ಪ ದೂರದಲ್ಲಿ ಬಾಗಿಲು ತೆಗೆದ ಪೆಟ್ಟಿಗೆ, ಅದರೊಳಗೆ ಆ ತೊಳೆಯದ ಚಾಪೆ ಇಟ್ಟು ಡಬ್ಬಿ ಅಲ್ಲಾಡಿಸಿ. ಬರದಿದ್ದರೆ ಇಬ್ಬರು ಅಗಲವಾದ ರಟ್ಟುಗಳನ್ನು ನೆಲಕ್ಕೆ ತಾಗಿಸಿ ಹಿಡಿದು, ಗೋಡೆಯ ಉದ್ದಕ್ಕೆ ಒಂದೊಂದೇ ಹೆಜ್ಜೆ ಸರಿಯುತ್ತ ಪೆಟ್ಟಿಗೆಯ ಕಡೆಗೆ ನಡೆಸಿ. ಕತ್ತಲಾಗುತ್ತಿದ್ದರೂ ಆಸೆ ಬಿಡಬೇಡಿ. ಸಂಜೆಯ ಹೊತ್ತಿಗೆ ತಾನಾಗಿ ಹೊರಗೆ ಇಣುಕುತ್ತದೆ.

ತಿಂಗಳಾದರೂ ಹೊಂದಿಕೊಳ್ಳದಿದ್ದರೆ?

ಮೊದಲು ಡಾಕ್ಟರಿಗೆ ತೋರಿಸಿ. ಹಲ್ಲುನೋವು, ಕಿವಿಯ ಸೋಂಕು, ಪಾದದ ಹುಣ್ಣು ಇರುವ ಮೊಲವೂ ಹೀಗೇ ಮುದುಡಿ ಕೂರುತ್ತದೆ. ಎಲ್ಲ ಸರಿಯಿದ್ದೂ ಹೊರಗೆ ಬೇಡ ಅನ್ನುವ ಮೊಲಗಳು ಇರುತ್ತವೆ. ಅಂಥದ್ದಕ್ಕೆ ಒಳಗೇ ಜಾಗ ಮಾಡಿಕೊಡಿ. ಜಾರದ ಹಾಗೆ ನೆಲಕ್ಕೆ ಚಾಪೆ, ಓಡಲು ಉದ್ದದ ಹಾದಿ, ನುಸುಳಲು ರಟ್ಟಿನ ಸುರಂಗ, ಅಗೆಯಲು ಮಣ್ಣು ತುಂಬಿದ ತಟ್ಟೆ. ಬೀಜ ಬಿತ್ತಿ ಬೆಳೆಸಿದ ಹುಲ್ಲಿನ ತಟ್ಟೆಯೊಂದನ್ನು ಜಾಲರಿ ಹಾಕಿದ ಬಾಗಿಲ ಪಕ್ಕ ಇಡಿ. ಗಾಳಿ ಬರುತ್ತಿರುತ್ತದೆ, ಹೊರಗಿನ ವಾಸನೆ ಬರುತ್ತಿರುತ್ತದೆ, ಅದು ಹೊಸಿಲಿನ ಈಚೆ ಕೂತು ಮೇಯುತ್ತಿರುತ್ತದೆ.